ಹೆಸರು ಕೇಳದ ಬೆಂಚು

ಬೇಸಿಗೆ ರಜೆ ಬಂತೆಂದರೆ ಸೊರಬ ತಾಲೂಕಿನ ನಮ್ಮ ಜಡೆಯ ಕಡೆಯ ಮಕ್ಕಳಿಗೆ ಬೆಂಗಳೂರಿನದೇ ಕನಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೂ ಸಾಮಾನ್ಯ ಸಾರಿಗೆ ಬಸ್ಸಿನ ಟಿಕೆಟ್ಟಿನ ಚಿಂತೆಯಿಲ್ಲ. ಮಾಲ್, ಮೆಟ್ರೊ, ಲಾಲ್‌ಬಾಗ್ ಎಲ್ಲವನ್ನೂ ನೋಡಿ ಬರುತ್ತೇವೆ. ಕಲಿತು ಬರುವುದೇನು?

ಊರಿನ ಅರಳಿಕಟ್ಟೆಯಲ್ಲಿ ಹೊಸಬರು ಕೂತರೆ 'ಯಾರ ಪೈಕಿ?' ಎಂದು ಕೇಳುತ್ತೇವೆ. ಆ ಪ್ರಶ್ನೆಯಲ್ಲಿ ಅಕ್ಕರೆಯೂ ಇದೆ, ಜಾತಿಯ ಲೆಕ್ಕವೂ ಇದೆ. ಮಾಲ್ ಜಾತಿ ಕೇಳುವುದಿಲ್ಲ, ಜೇಬು ನೋಡುತ್ತದೆ. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನ ಬೆಂಚಿಗೆ ಇವೆರಡೂ ಬೇಕಿಲ್ಲ. ಬುರ್ಖಾ ತೊಟ್ಟ ಅಜ್ಜಿ, ಕಟ್ಟಡ ಕೂಲಿಯವ, ಕಾಲೇಜು ಹುಡುಗಿ ಒಂದೇ ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಾರೆ. 1760ರಲ್ಲಿ ಹೈದರ್ ಅಲಿ ಮಾಡಿಸಿದ ಆಳುವವರ ತೋಟ ಲಾಲ್‌ಬಾಗ್‌ಗೂ ಇಂದು ಟಿಕೆಟ್ ಕೊಂಡವರೆಲ್ಲ ಹೋಗಬಹುದು.

ಆದರೆ ಕೂರುವಾಗ ಹೆಸರು ಕೇಳದ ನಗರ, ಬಾಡಿಗೆಗೆ ಮನೆ ಕೇಳಿದಾಗ ಮೊದಲು ಹೆಸರನ್ನೇ ಕೇಳುತ್ತದೆ. ಗುರುತಿಲ್ಲದವರನ್ನು ಒಂದು ಗಳಿಗೆ ಸಹಿಸುವುದು ಸುಲಭ. ಗುರುತು ತಿಳಿದ ಮೇಲೂ ಪಕ್ಕದಲ್ಲಿ ಜಾಗ ಬಿಡುವುದೇ ಮನುಷ್ಯಧರ್ಮ. ಅದು ನಗರಕ್ಕೂ ಬಂದಿಲ್ಲ, ನಮ್ಮ ಹಳ್ಳಿಗೂ ಬಂದಿಲ್ಲ. ಕಟ್ಟೆಯ ಅಕ್ಕರೆ ಬೆಂಚಿಗೆ, ಬೆಂಚಿನ ಔದಾರ್ಯ ಕಟ್ಟೆಗೆ ದಕ್ಕಬೇಕು. ರಜೆ ಮುಗಿಸಿ ಮರಳುವ ಮಕ್ಕಳ ಚೀಲದಲ್ಲಿ ಆಟಿಕೆಗಳ ಜೊತೆ ಅದಿಷ್ಟು ಬಂದರೆ ಸಾಕು.