ನಾಬ್ ತಿರುಗಿಸಿದ ಕೈ

1944. ಅಮೆರಿಕದ ಟೆನೆಸ್ಸಿ ರಾಜ್ಯದ ಓಕ್ ರಿಡ್ಜ್. ಆಗಷ್ಟೇ ಹೈಸ್ಕೂಲು ಮುಗಿಸಿದ ಹುಡುಗಿಯರು ಸ್ಟೂಲ್ ಮೇಲೆ ಕೂತು ಮೀಟರಿನ ಮುಳ್ಳನ್ನೇ ನೋಡ್ತಿದ್ದರು. ಮುಳ್ಳು ಆಚೀಚೆ ಸರಿದರೆ ನಾಬ್ ತಿರುಗಿಸಿ ಸರಿಮಾಡಬೇಕು. ಅಷ್ಟೇ ಕೆಲಸ. ಅಲ್ಲಿ ಏನು ತಯಾರಾಗ್ತಿದೆ ಅಂತ ಯಾರೂ ಹೇಳಲಿಲ್ಲ. ಕೇಳೋ ಹಾಗೂ ಇರಲಿಲ್ಲ.

ಅವರು ಕಾಯುತ್ತಿದ್ದದ್ದು ಕ್ಯಾಲುಟ್ರಾನ್ ಎಂಬ ಯಂತ್ರವನ್ನು. ಲೋಹದ ಅಯಾನುಗಳನ್ನು ಹುಟ್ಟಿಸುವ ಒಂದು ಪೆಟ್ಟಿಗೆಯೇ ಅದರ ಜೀವಾಳ. ಒಳಗೆ ಯುರೇನಿಯಂ ಟೆಟ್ರಾಕ್ಲೋರೈಡನ್ನು ಕಾಯಿಸಿ ಆವಿ ಮಾಡಬೇಕು. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಆವಿಗೆ ಬಡಿದಾಗ ವಿದ್ಯುದಾವೇಶವಿರುವ ಅಯಾನುಗಳು ಹುಟ್ಟುತ್ತವೆ. ಸಣ್ಣ ಸೀಳೊಂದರ ಮೂಲಕ ಸುಮಾರು 35 ಸಾವಿರ ವೋಲ್ಟ್ ಅವನ್ನು ಹೊರಗೆಳೆಯುತ್ತದೆ. ಮುಂದೆ ಭಾರಿ ಅಯಸ್ಕಾಂತ. ಅದರಲ್ಲಿ ಹಗುರವಾದ ಯುರೇನಿಯಂ-235 ಒಂಚೂರು ಹೆಚ್ಚು ಬಾಗಿ ಬೇರೆ ಡಬ್ಬಿಗೆ ಬೀಳುತ್ತದೆ. ಆವಿ ಹೆಚ್ಚಾದರೆ ಕಿಡಿ ಹಾರುತ್ತದೆ, ಕಡಿಮೆಯಾದರೆ ಬೀಮ್ ಸೊರಗುತ್ತದೆ. ಹುಡುಗಿಯರು ಕಾಯುತ್ತಿದ್ದದ್ದು ಈ ಹದವನ್ನು.

ಒಮ್ಮೆ ಅವರಿಗೂ ವಿಜ್ಞಾನಿಗಳಿಗೂ ಪಂದ್ಯ ನಡೆದು ಹುಡುಗಿಯರೇ ಗೆದ್ದರಂತೆ. ಮುಳ್ಳು ಅಲುಗಿದಾಗ ವಿಜ್ಞಾನಿಗಳು 'ಯಾಕೆ' ಅಂತ ಹುಡುಕ್ತಾ ಕೂತರು, ಇವರು ನಾಬ್ ತಿರುಗಿಸಿದರು. ಓದಿ ನಕ್ಕೆ. ಆಮೇಲೆ ನನ್ನ ಅಪ್ರೈಸಲ್ ನೆನಪಾಯ್ತು.

1945ರ ಆಗಸ್ಟ್ 6ರಂದು ಹಿರೋಷಿಮಾ ಮೇಲೆ ಬಾಂಬ್ ಬಿತ್ತು. ತಾವು ಏನು ಮಾಡ್ತಿದ್ದೆವು ಅಂತ ಆ ಹುಡುಗಿಯರಿಗೆ ತಿಳಿದದ್ದು ಆಮೇಲೆ.

ಅವರನ್ನು ದೂರಬೇಕಾ? ನನ್ನಿಂದಾಗಲ್ಲ. ಗೊತ್ತಾಗದ ಹಾಗೆ ಎಲ್ಲ ಏರ್ಪಾಡೂ ಆಗಿತ್ತು. ಯಂತ್ರವನ್ನೂ ದೂರಲಾರೆ. ಯುದ್ಧ ಮುಗಿದ ಮೇಲೆ ಓಕ್ ರಿಡ್ಜ್‌ನ ಕ್ಯಾಲುಟ್ರಾನ್‌ಗಳು ವೈದ್ಯಕೀಯಕ್ಕೆ ಬೇಕಾದ ಐಸೋಟೋಪುಗಳನ್ನೂ ಬೇರ್ಪಡಿಸಿದವು.

ಆದರೆ ನಾನು? ಹಿಂದಿನ ಕಂಪನಿಯಲ್ಲಿ, ಸಾಲ ಕೊಡೋ ಆಪ್ ಒಂದಕ್ಕೆ ಫೋನಿನ ಕಾಂಟ್ಯಾಕ್ಟ್ಸ್ ಓದೋ ಕೋಡ್ ಬರೆದೆ. "ಸಾಲಕ್ಕೂ ಇದಕ್ಕೂ ಏನು ಸಂಬಂಧ?" ಅನ್ನೋ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ಶುಕ್ರವಾರ ಡೆಡ್‌ಲೈನ್. ಟಿಕೆಟ್ ಕ್ಲೋಸ್ ಮಾಡಿದೆ. ಕಂತು ತಪ್ಪಿದವರ ಅತ್ತೆ-ಮಾವ, ಬಾಸ್, ಹಳೇ ಸ್ನೇಹಿತರಿಗೆಲ್ಲ ವಸೂಲಿಯವರು ಫೋನ್ ಮಾಡಿ ಮಾನ ಕಳೀತಾರೆ ಅಂತ ಆಮೇಲೆ ತಿಳೀತು.

ಆ ಹುಡುಗಿಯರು ಕೇಳಿದ್ದರೆ ಕೆಲಸ ಹೋಗ್ತಿತ್ತು. ನಾನು ಕೇಳಿದ್ದರೆ ಮೀಟಿಂಗ್ ಹತ್ತು ನಿಮಿಷ ಜಾಸ್ತಿ ಆಗ್ತಿತ್ತು. "ನಂಗೆ ಗೊತ್ತಿರಲಿಲ್ಲ" ಅನ್ನೋ ಮಾತು ಅವರ ಬಾಯಲ್ಲಿ ನಿಜ. ನನ್ನ ಬಾಯಲ್ಲಿ ಅರ್ಧ ಸುಳ್ಳು.

ಈಗ ಪ್ರತಿ ಟಿಕೆಟ್ ಕೆಳಗೂ ಒಂದು ಸಾಲು ಬರೀತೀನಿ: ಇದು ಯಾರಿಗೆ, ಯಾಕೆ? ಕೆಲವರಿಗೆ ಕಿರಿಕಿರಿ. ಎಲ್ಲ ಸಲ ಉತ್ತರ ಸಿಗಲ್ಲ. ಸಿಗದ ದಿನ ಕೋಡ್ ಬರೀಬೇಕಾ ಬೇಡವಾ ಅನ್ನೋದು ಇನ್ನೂ ಬಗೆಹರಿದಿಲ್ಲ. ನೀವಾಗಿದ್ದರೆ ಏನ್ಮಾಡ್ತಿದ್ರಿ?