ಶ್ರವಣಸುಖಕ್ಕೊಂದು ಪರಿಮಾಣ

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯೂ ಬೀದರದಿಂದ ಕಲಬುರಗಿಗೆ ಹೋಗುವ ದಾರಿಯೂ ಸಂಧಿಸುವ ಊರು ಹುಮನಾಬಾದ್. ಹಗಲಿರುಳೆನ್ನದೆ ವಾಹನಗಳು ಹಾಯುವ ಇಂಥ ಊರಿನಲ್ಲಿ ಮನೆಗೊಂದು ಕಾರು ಈಗ ವಿಶೇಷದ ಮಾತಲ್ಲ. ಅಲ್ಲಿನ ಒಂದು ಶ್ರಾವಕ ಕುಟುಂಬದ ತರುಣನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತೊಗರಿ-ಕಡಲೆಯ ವ್ಯಾಪಾರದಲ್ಲಿ ತಂದೆಗೆ ನೆರವಾಗುತ್ತಾನೆ, ಸೂರ್ಯಾಸ್ತದ ಮುಂಚೆ ಊಟ ಮುಗಿಸುತ್ತಾನೆ, ದುಶ್ಚಟವೊಂದೂ ಇಲ್ಲ. ಅವನ ಹವ್ಯಾಸ ಒಂದೇ: ತನ್ನ ಕಾರಿನ ಸಂಗೀತಯಂತ್ರವನ್ನು ತನ್ನ ಕೈಯಿಂದಲೇ ಬಿಚ್ಚಿ, ಜೋಡಿಸಿ, ಉತ್ತಮಪಡಿಸುತ್ತ ಹೋಗುವುದು. ತಂದೆ ಇದನ್ನು ಹುಚ್ಚು ಎನ್ನುತ್ತಾರೆ. ಮಗ ಇದನ್ನು ವಿದ್ಯೆ ಎನ್ನುತ್ತಾನೆ. ಮನೆಯ ಅಜ್ಜಿ ಮಾತ್ರ ಬೈಯುವುದಿಲ್ಲ, ಒಂದೇ ಪ್ರಶ್ನೆ ಕೇಳುತ್ತಾಳೆ: “ಹಾಡು ಅದೇ ಅದಲ್ಲಪಾ, ಪೆಟ್ಟಿಗಿ ಯಾಕ ಬದಲಿ ಮಾಡ್ತಿ?”

ಮೇಲ್ನೋಟಕ್ಕೆ ಮುಗ್ಧವಾಗಿ ಕಾಣುವ ಈ ಪ್ರಶ್ನೆಯೊಳಗೆ ಗೃಹಸ್ಥಧರ್ಮದ ಒಂದು ಗಹನವಾದ ವಿಚಾರ ಅಡಗಿದೆ. ಯಾರಿಗೂ ನೇರವಾಗಿ ಕೇಡು ಮಾಡದ, ಸ್ವಂತ ಗಳಿಕೆಯಿಂದ ನಡೆಯುವ, ಬುದ್ಧಿಯನ್ನೂ ಕೈಯನ್ನೂ ಚುರುಕುಗೊಳಿಸುವ ಒಂದು ಹವ್ಯಾಸ ಶ್ರಾವಕನಿಗೆ ಯೋಗ್ಯವೇ? ಯೋಗ್ಯವಾದರೆ ಅದರ ಮೇರೆ ಎಲ್ಲಿ?

ಮೊದಲು ಹವ್ಯಾಸದ ಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಇಂದ್ರಿಯಸುಖವೆಂಬ ಒಂದೇ ಮಾತಿನಿಂದ ಕಲೆಯನ್ನೆಲ್ಲ ತಳ್ಳಿಹಾಕುವುದು ಜೈನ ಪರಂಪರೆಯ ರೀತಿಯಲ್ಲ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ, ಅಂದರೆ ಅಂದಿನ ಮಾನ್ಯಖೇಟವನ್ನು ಆಳಿದ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ, ಭಗವಾನ್ ವೃಷಭದೇವನು ತನ್ನ ಮಕ್ಕಳಿಗೆ ಬೇರೆಬೇರೆ ವಿದ್ಯೆಗಳನ್ನು ಬೋಧಿಸಿದ ಪ್ರಸಂಗವನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಗಾಂಧರ್ವಶಾಸ್ತ್ರವೂ ಒಂದು. ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ ಸಂಗೀತವು ಇಂದಿಗೂ ಸೇವೆಯ ರೂಪದಲ್ಲಿ ಸಲ್ಲುತ್ತದೆ. ನೆರೆಯ ಬಸವಕಲ್ಯಾಣವನ್ನು ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ.ಶ. 1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತವಾದ್ಯಗಳ ವಿಚಾರವು ವಿಸ್ತಾರವಾಗಿಯೇ ಬಂದಿದೆ. ಆ ಗ್ರಂಥದಲ್ಲಿ ಇಪ್ಪತ್ತು ಇಪ್ಪತ್ತು ಅಧ್ಯಾಯಗಳ 5 ಭಾಗಗಳಿವೆ. ಮೊದಲನೆಯದು ರಾಜ್ಯವನ್ನು ಪಡೆಯುವ ಬಗೆ, ಎರಡನೆಯದು ಅದನ್ನು ಸ್ಥಿರಗೊಳಿಸುವ ಬಗೆ. ಆ ಬಳಿಕವೇ ಉಪಭೋಗ, ವಿನೋದ ಮತ್ತು ಕ್ರೀಡೆ. ಅರಸನಿಗೂ ಕರ್ತವ್ಯ ಮೊದಲು, ವಿನೋದ ಆಮೇಲೆ ಎಂಬ ಕ್ರಮವು ಗಮನಾರ್ಹವಾಗಿದೆ.

ಕಾರಿನೊಳಗಿನ ಶ್ರವಣಯಂತ್ರಕ್ಕೂ ಒಂದು ಇತಿಹಾಸವಿದೆ. ಅಮೆರಿಕದ ಗಾಲ್ವಿನ್ ಸಹೋದರರು 1930ರಲ್ಲಿ ಮೋಟಾರು ವಾಹನಕ್ಕೆ ಹೊಂದುವ ರೇಡಿಯೋವನ್ನು ಮಾರುಕಟ್ಟೆಗೆ ತಂದರು. ‘ಮೋಟೊರೋಲಾ’ ಎಂಬ ಹೆಸರು ಹುಟ್ಟಿದ್ದೇ ಅದರಿಂದ. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಕ್ಯಾಸೆಟ್ಟನ್ನು ರೂಪಿಸಿದ ಮೇಲೆ ತನಗೆ ಬೇಕಾದ ಹಾಡನ್ನು ದಾರಿಯುದ್ದಕ್ಕೂ ಕೇಳುವುದು ಸಾಧ್ಯವಾಯಿತು. ಇಂದು ಅಂಗೈಯ ಮೊಬೈಲಿನಲ್ಲಿಯೇ ಸಹಸ್ರಾರು ಹಾಡುಗಳಿವೆ. ಹಾಡು ಸುಲಭವಾದಷ್ಟೂ ಹವ್ಯಾಸಿಯ ಗಮನವು ಹಾಡಿನಿಂದ ಯಂತ್ರದ ಕಡೆಗೆ ಸರಿದಿದೆ.

ಈ ಕೆಲಸದಲ್ಲಿ ನಿಜವಾದ ನೈಪುಣ್ಯವಿದೆ ಎಂಬುದನ್ನು ತಂದೆಯೂ ಒಪ್ಪಬೇಕು. ಕಾರಿನ ಬ್ಯಾಟರಿ 12 ವೋಲ್ಟಿನದು. ವೋಲ್ಟು ಕಡಿಮೆಯಾದುದರಿಂದ ಹೆಚ್ಚಿನ ಶಕ್ತಿಗೆ ಹೆಚ್ಚಿನ ವಿದ್ಯುತ್ ಪ್ರವಾಹ ಬೇಕು. ಆ ಪ್ರವಾಹಕ್ಕೆ ತಕ್ಕ ದಪ್ಪದ ತಂತಿ ಬೇಕು. ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇರಬೇಕು. ಇಲ್ಲವಾದರೆ ತಂತಿಯ ಹೊದಿಕೆ ಸವೆದು ಕಾರಿನ ಲೋಹಕ್ಕೆ ತಗುಲಿದ ದಿನ ಬೆಂಕಿಯೇ ಗತಿ. ಅರ್ಥಿಂಗ್ ಕೊಡುವಲ್ಲಿ ಬಣ್ಣವನ್ನು ಕೆರೆದು ಲೋಹಕ್ಕೆ ಬಿಗಿಯಾಗಿ ಕೂರಿಸದಿದ್ದರೆ ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಶಿಳ್ಳೆಯಂಥ ಸದ್ದು ಹಾಡಿನೊಳಗೆ ಸೇರಿಕೊಳ್ಳುತ್ತದೆ. ಪ್ರಮಾದದಿಂದ ಕೂಡಿದ ಪ್ರವೃತ್ತಿಯಲ್ಲಿಯೇ ಉಮಾಸ್ವಾಮಿಗಳು ಹಿಂಸೆಯ ಮೂಲವನ್ನು ಕಂಡರು. ಫ್ಯೂಸ್ ಹಾಕದೆ ತಂತಿ ಎಳೆಯುವವನು ಪ್ರಮತ್ತ. ಒಂದೊಂದು ಸಂಧಿಯನ್ನೂ ಎರಡು ಸಲ ಪರೀಕ್ಷಿಸುವವನು, ಅಷ್ಟರಮಟ್ಟಿಗೆ, ಅಪ್ರಮಾದದ ಅಭ್ಯಾಸಿ. ಕೈಕೆಲಸವು ಕಲಿಸುವ ಈ ಎಚ್ಚರವನ್ನು ಅಲ್ಲಗಳೆಯುವಂತಿಲ್ಲ.

ಹಾಗಾದರೆ ದೋಷವೆಲ್ಲಿದೆ? ದೋಷವು ಯಂತ್ರದಲ್ಲಿಲ್ಲ, ಅದು ಏರುತ್ತ ಹೋಗುವ ರೀತಿಯಲ್ಲಿದೆ. ಮುಂಬಾಗಿಲಿನ ಸ್ಪೀಕರುಗಳನ್ನು ಬದಲಿಸಿದಾಗ ಹಳೆಯ ಆಂಪ್ಲಿಫೈಯರು ಸಾಲದೆನಿಸುತ್ತದೆ. ಆಂಪ್ಲಿಫೈಯರು ಬಂದ ಮೇಲೆ ತಂತಿ ತೆಳುವೆನಿಸುತ್ತದೆ. ತಂತಿ ದಪ್ಪವಾದ ಮೇಲೆ ಬ್ಯಾಟರಿ ಸೋಲುತ್ತದೆ. ಡಿಕ್ಕಿಯಲ್ಲಿ ಸಬ್‌ವೂಫರಿನ ಪೆಟ್ಟಿಗೆ ಕುಳಿತ ಮೇಲೆ ಬಾಗಿಲಿನ ತಗಡು ಗಡಗಡಿಸುತ್ತದೆ. ಪ್ರತಿಯೊಂದು ಪರಿಹಾರವೂ ಮುಂದಿನ ಕೊರತೆಯನ್ನು ತೋರಿಸಿಕೊಡುತ್ತದೆ. ಬರುಬರುತ್ತ ಹವ್ಯಾಸಿಯು ಹಾಡನ್ನು ಕೇಳುವುದೇ ಇಲ್ಲ. ಹಾಡಿನ ಮೂಲಕ ಯಂತ್ರದ ಕೊರತೆಯನ್ನು ಕೇಳುತ್ತಾನೆ.

ಇಂದ್ರಿಯದ ರಚನೆಯೇ ಇದಕ್ಕೆ ಒಂದು ಕಾರಣ. ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಧ್ವನಿಯು ಏರುವುದು ಸುಮಾರು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಅಲ್ಪವಾದ ಅಂತರ. ಧ್ವನಿಯು ಎರಡು ಪಟ್ಟಾದಂತೆ ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಶಕ್ತಿಯು ಹತ್ತು ಪಟ್ಟಾಗಬೇಕು. 50 ವಾಟಿನಲ್ಲಿ ತೃಪ್ತನಾಗದವನಿಗೆ 500 ವಾಟು ಬೇಕು. ಅಲ್ಲಿಯೂ ತೃಪ್ತನಾಗದವನಿಗೆ 5,000. ಸುಖವು ಕೂಡುವ ಲೆಕ್ಕದಲ್ಲಿ ಏರಿದರೆ ಸಾಧನವು ಗುಣಿಸುವ ಲೆಕ್ಕದಲ್ಲಿ ಏರಬೇಕಾಗುತ್ತದೆ. ತೃಷ್ಣೆಗೆ ಕೊನೆಯಿಲ್ಲವೆಂದು ಆಚಾರ್ಯರು ಹೇಳಿದ ಮಾತನ್ನು ವಾಟು-ಡೆಸಿಬಲ್ಲುಗಳ ಲೆಕ್ಕವೂ ತನ್ನ ರೀತಿಯಲ್ಲಿ ಹೇಳುತ್ತದೆ. ಹೀಗಿರುವಲ್ಲಿ ತೃಪ್ತಿಯು ಸಾಧನದ ಹೆಚ್ಚಳದಿಂದ ಬರಲಾರದು. ಸಾಧಕನು ಹಾಕಿಕೊಂಡ ಮೇರೆಯಿಂದಲೇ ಬರಬೇಕು. ಭೋಗೋಪಭೋಗ ಪರಿಮಾಣವ್ರತದ ಔಚಿತ್ಯವಿರುವುದು ಇಲ್ಲಿಯೇ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವಂಥದು ಉಪಭೋಗ. ಅರಸನ ಗ್ರಂಥವು ಉಪಭೋಗಗಳನ್ನು ಎಣಿಸಿ ವರ್ಣಿಸಿತು. ಶ್ರಾವಕನ ವ್ರತವು ಅವನ್ನು ಎಣಿಸಿ ನಿಲ್ಲಿಸುತ್ತದೆ. ಅನರ್ಥದಂಡ ವಿರತಿಗೆ ಹೇಳಿದ 5 ಅತಿಚಾರಗಳಲ್ಲಿ ಒಂದು, ಬಳಕೆಗೆ ಬೇಕಾದುದಕ್ಕಿಂತ ಅಧಿಕವಾದ ಸಾಮಗ್ರಿಯನ್ನು ಕೂಡಿಹಾಕುವುದು. ಸಾಮಗ್ರಿಯನ್ನಲ್ಲ, ಅಧಿಕ್ಯವನ್ನು ಅಲ್ಲಿ ದೋಷವೆಂದು ಗುರುತಿಸಿದೆ.

ಎರಡನೆಯ ವಿಚಾರವು ನೆರೆಯವರಿಗೆ ಸಂಬಂಧಿಸಿದ್ದು. ನ್ಯಾಯ-ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಜೈನ ದಾರ್ಶನಿಕರು ಅದನ್ನು ಒಪ್ಪದೆ, ಶಬ್ದವು ಪುದ್ಗಲದ ಪರ್ಯಾಯವೆಂದು ಪ್ರತಿಪಾದಿಸಿದರು. ಪುದ್ಗಲವಾದುದರಿಂದಲೇ ಅದು ತಾಗುತ್ತದೆ, ತಡೆಯಲ್ಪಡುತ್ತದೆ. ಈ ಸಿದ್ಧಾಂತದಿಂದ ಒಂದು ನೈತಿಕ ಫಲಿತಾಂಶವೂ ಹೊರಡುತ್ತದೆ: ಬೀದಿಗೆ ಶಬ್ದವನ್ನು ಎಸೆಯುವುದು ಒಂದು ವಸ್ತುವನ್ನು ಎಸೆದಂತೆಯೇ. ಅದರಲ್ಲಿಯೂ 50 ಹರ್ಟ್ಸಿನ ತಗ್ಗುದನಿಯ ಅಲೆಯು ಸುಮಾರು 7 ಮೀಟರ್ ಉದ್ದವಿರುತ್ತದೆ. ಕಾರಿನ ಗಾಜೂ ಮನೆಯ ಗೋಡೆಯೂ ಏರುದನಿಯನ್ನು ಬಹುಮಟ್ಟಿಗೆ ತಡೆಯುತ್ತವೆ, ತಗ್ಗುದನಿಯನ್ನು ಅಷ್ಟಾಗಿ ತಡೆಯಲಾರವು. ಆದುದರಿಂದ ಕಾರಿನೊಳಗಿನವನಿಗೆ ಪೂರ್ಣ ಹಾಡು, ಮಲಗಿದ ನೆರೆಯವನಿಗೆ ಬರಿಯ ಧಡಧಡ ಬಡಿತ. ಸುಖವು ಒಬ್ಬನಿಗೆ, ಪೀಡೆಯು ಇನ್ನೊಬ್ಬನಿಗೆ ಎಂಬ ಈ ಹಂಚಿಕೆಯನ್ನು ಅಹಿಂಸಾಣುವ್ರತಿಯು ಹೇಗೆ ಒಪ್ಪಬಲ್ಲನು? ಜ್ವರದಿಂದ ನರಳುವ ಮಗು, ನಿದ್ರೆ ಬಾರದ ವೃದ್ಧೆ, ಮರದ ಮೇಲೆ ಬೆಚ್ಚಿಬೀಳುವ ಹಕ್ಕಿ ಇವರು ಯಾರೂ ಆ ಹಾಡನ್ನು ಬೇಡಿದವರಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಗಾಡಿಗಳು ರಾತ್ರಿ ಹೊತ್ತು ಸಾಗುವ ದಾರಿಯಲ್ಲಿ ಚಾಲಕನ ಕಿವಿಯು ಹಾಡಿನಿಂದ ತುಂಬಿಹೋಗಿದ್ದರೆ ಪ್ರಾಣಕ್ಕೇ ಅಪಾಯ. ಸ್ವಂತ ಕಿವಿಗೂ ಕೇಡು ತಪ್ಪಿದ್ದಲ್ಲ: ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಇಲ್ಲಿ ತರುಣನು ಹಿರಿಯರಿಗೆ ಒಂದು ಮರುಪ್ರಶ್ನೆ ಹಾಕಬಹುದು. “ನನ್ನ ಡಿಕ್ಕಿಯ ಪೆಟ್ಟಿಗೆ ನಿಮಗೆ ಕಾಣುತ್ತದೆ, ಉತ್ಸವದ ಮೆರವಣಿಗೆಯಲ್ಲಿ ಲಾರಿಯ ಮೇಲೆ ಒಟ್ಟಿದ ಪೆಟ್ಟಿಗೆಗಳು ಕಾಣುವುದಿಲ್ಲವೇ?” ಪ್ರಶ್ನೆಯು ಕಟುವಾಗಿದ್ದರೂ ನ್ಯಾಯವಾದುದು. ಭಕ್ತಿಗೀತೆಯಾದ ಮಾತ್ರಕ್ಕೆ ಶಬ್ದದ ಪೆಟ್ಟು ಮೃದುವಾಗುವುದಿಲ್ಲ. ದೇಶದಲ್ಲಿ 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯನ್ನು ವಿಧಿಸಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳಿಗೆ ನಿರ್ಬಂಧ ಹಾಕಿವೆ. ಸರ್ವೋಚ್ಚ ನ್ಯಾಯಾಲಯವು 2005ರ ತೀರ್ಪಿನಲ್ಲಿ, ಬಲವಂತವಾಗಿ ಕೇಳಿಸುವ ಹಕ್ಕು ಯಾರಿಗೂ ಇಲ್ಲವೆಂಬ ನಿಲುವನ್ನು ಎತ್ತಿಹಿಡಿಯಿತು. ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜಕ್ಕೆ ಇದನ್ನು ಪೊಲೀಸರು ನೆನಪಿಸಬೇಕಾದ ಪ್ರಸಂಗ ಬರಬಾರದು. ಬಸದಿಯ ಆಡಳಿತ ಮಂಡಳಿಯು ತನ್ನ ಧ್ವನಿವರ್ಧಕಕ್ಕೆ ಮೊದಲು ಮಿತಿ ಹಾಕಿಕೊಂಡರೆ, ಆಮೇಲೆ ಅದು ತರುಣರಿಗೆ ಹೇಳುವ ಬುದ್ಧಿಮಾತಿಗೆ ತೂಕ ಬರುತ್ತದೆ.

ಹವ್ಯಾಸದ ಅನುಭವದೊಳಗೇ ಒಂದು ಒಳ್ಳೆಯ ಪಾಠವಿದೆ. ಬಾಗಿಲಿನ ಒಳತಗಡಿಗೆ ಕಂಪನವನ್ನು ನುಂಗುವ ಅಂಟುಹಾಳೆಯನ್ನು ಹಚ್ಚಿ, ಸಂದುಗಳನ್ನು ಮುಚ್ಚಿ, ಹೊರಗಿನ ಗದ್ದಲವನ್ನು ತಡೆದರೆ ಸಣ್ಣ ಯಂತ್ರವೂ ಸ್ಪಷ್ಟವಾಗಿ ನುಡಿಯುತ್ತದೆ. ಧ್ವನಿಯನ್ನು ಏರಿಸುವ ಅಗತ್ಯವೇ ತಗ್ಗುತ್ತದೆ. ಶಕ್ತಿಯನ್ನು ಕೂಡಿಸುವುದಕ್ಕಿಂತ ಗದ್ದಲವನ್ನು ತಡೆಯುವುದು ಲೇಸೆಂಬುದನ್ನು ಅನುಭವಸ್ಥ ಕುಶಲಿಗಳು ಬಲ್ಲರು. ಒಳಬರುವುದನ್ನು ತಡೆಯುವ ಸಂವರವು ಮೊದಲಾಗಬೇಕೆಂಬ ತತ್ತ್ವವನ್ನು ಬಲ್ಲ ಶ್ರಾವಕನಿಗೆ ಇದು ಹೊಸ ಮಾತೇನಲ್ಲ.

ಇನ್ನು ತಂದೆಯ ಪಕ್ಷ. “ಎಲ್ಲವೂ ಪರಿಗ್ರಹ, ಕಿತ್ತೊಗೆ” ಎಂಬ ಅವರ ಕೋಪದಲ್ಲಿ ಮುನಿಧರ್ಮವನ್ನು ಗೃಹಸ್ಥನ ಮೇಲೆ ಹೊರಿಸುವ ದೋಷವಿದೆ. ಗೃಹಸ್ಥನ ವ್ರತಗಳು ಅಣುವ್ರತಗಳು. ಅವನಿಗೆ ವಿಧಿಸಿದ್ದು ಸರ್ವತ್ಯಾಗವಲ್ಲ, ಪರಿಮಾಣ. ಮೂರ್ಛೆಯೇ ಪರಿಗ್ರಹ, ಅಂದರೆ ವಸ್ತುವಿನಲ್ಲಿ ಮೈಮರೆತ ಮಮತೆಯೇ ಪರಿಗ್ರಹ ಎಂಬ ಲಕ್ಷಣದಿಂದ ಅಳೆದರೆ, ಹಳೆಯ ಕಾರನ್ನು ಇಟ್ಟುಕೊಂಡೂ ಗೋದಾಮಿನ ದಾಸ್ತಾನಿನ ಚಿಂತೆಯಲ್ಲಿ ನಿದ್ರೆಗೆಡುವ ತಂದೆಯು ಮಗನಿಗಿಂತ ಹಗುರಾಗಿರುವನೆಂದು ಹೇಳಲಾಗದು. ಇಬ್ಬರೂ ಒಂದೇ ಪ್ರಶ್ನೆಯ ಮುಂದೆ ನಿಂತವರು.

ಪಂಪನ ಆದಿಪುರಾಣದ (ಕ್ರಿ.ಶ. 941) ನೀಲಾಂಜನೆಯ ಪ್ರಸಂಗ ಇಲ್ಲಿ ಸ್ಮರಣೀಯ. ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ನೃತ್ಯದ ನಡುವೆಯೇ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಆ ಕ್ಷಣವೇ ಅವಳಂಥ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಆದಿದೇವನೊಬ್ಬನು ತಿಳಿಯುತ್ತಾನೆ, ವಿರಕ್ತನಾಗುತ್ತಾನೆ. ಆ ಸಭೆಯಲ್ಲಿ ನೃತ್ಯವನ್ನು ಎಲ್ಲರಿಗಿಂತ ಏಕಾಗ್ರವಾಗಿ ನೋಡಿದವನು ಅವನೇ ಎಂಬುದನ್ನು ಮರೆಯಬಾರದು. ಸೂಕ್ಷ್ಮವಾದ ಇಂದ್ರಿಯವು ತಾನಾಗಿ ಬಂಧನವಲ್ಲ. ಅದು ಬೇಟೆಗಾರನ ಗಾನಕ್ಕೆ ಮರುಳಾದ ಜಿಂಕೆಯನ್ನು ಬಲೆಗೂ ಕೆಡವಬಹುದು, ಅನಿತ್ಯವನ್ನು ಕಾಣುವ ಎಚ್ಚರಕ್ಕೂ ಒಯ್ಯಬಹುದು.

ಆದುದರಿಂದ ಮೇರೆಯನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕು ದಿಕ್ಕಿನಿಂದ ಹಾಕಿಕೊಳ್ಳುವುದು ಯುಕ್ತ. ದ್ರವ್ಯದಿಂದ: ಸಾಲ ಮಾಡದೆ, ವರ್ಷಕ್ಕೆ ಇಷ್ಟೇ ವೆಚ್ಚವೆಂದು ನಿಶ್ಚಯಿಸಿ, ತೆಗೆದ ಯಂತ್ರವನ್ನು ಬೇಕಾದವರಿಗೆ ಕೊಡುವುದು. ಕ್ಷೇತ್ರದಿಂದ: ಶಬ್ದವು ಕಾರಿನ ಗಾಜನ್ನು ದಾಟದಂತೆ ಇರಿಸುವುದು. ಕಾಲದಿಂದ: ವ್ಯಾಪಾರ, ಸ್ವಾಧ್ಯಾಯ, ಮನೆಯವರ ಸಂಗ ಇವುಗಳ ಪಾಲನ್ನು ಕಸಿಯದಿರುವುದು, ಪರ್ವದಿನಗಳಲ್ಲಿ ವಿರಾಮ ಕೊಡುವುದು. ಭಾವದಿಂದ: ನೆರೆಯವನ ಕಾರಿಗಿಂತ ತನ್ನದು ಮೇಲೆಂಬ ಮದವನ್ನು ಬಿಡುವುದು, ರಾಗದ್ವೇಷಗಳಿಂದ ಚಿತ್ತವನ್ನು ಕಲಕುವುದನ್ನು ದುಃಶ್ರುತಿಯೆಂದು ಅರಿತು ದೂರವಿಡುವುದು.

ಈ ಮೇರೆಯೊಳಗೆ ಹವ್ಯಾಸವು ನಿಂತೀತೇ ಎಂಬುದನ್ನು ಪರೀಕ್ಷಿಸಲು ದೊಡ್ಡ ಶಾಸ್ತ್ರಚರ್ಚೆ ಬೇಕಿಲ್ಲ. ತರುಣನು ಒಂದು ಸಂಜೆ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿ, ಅವಳಿಗೆ ಪ್ರಿಯವಾದ ಒಂದು ಸ್ತುತಿಯನ್ನು ತಗ್ಗಿದ ಧ್ವನಿಯಲ್ಲಿ ಹಚ್ಚಿ, ಅದು ಮುಗಿಯುವವರೆಗೆ ಯಂತ್ರದ ನೆನಪಿಲ್ಲದೆ ಪಕ್ಕದಲ್ಲಿ ಕುಳಿತಿರಬಲ್ಲನಾದರೆ ಅವನ ವಿದ್ಯೆಯು ಸಾರ್ಥಕ. ಕುಳಿತಲ್ಲಿಯೇ ಕೈ ಗುಂಡಿಯ ಕಡೆಗೆ ಚಾಚಿತೆಂದರೆ, ಪೆಟ್ಟಿಗೆಯನ್ನು ಯಾಕೆ ಬದಲಿಸುತ್ತಿಯೆಂಬ ಅವಳ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.