ಅರವಟ್ಟಿಗೆ ಮುಚ್ಚಿದ ದಿನ

ಬೇಸಿಗೆಯಲ್ಲಿ ದಾರಿಯ ಪಕ್ಕ ಅರವಟ್ಟಿಗೆ ಇಡುವ ಪದ್ಧತಿಯನ್ನು ನಮ್ಮಲ್ಲಿ ಹಿರಿಯರಾದವರೆಲ್ಲ ಊರಿನಲ್ಲಿ ಕಂಡವರೇ. ಒಂದು ಚಪ್ಪರ, ಮಣ್ಣಿನ ಹರವಿಯಲ್ಲಿ ತಣ್ಣನೆಯ ನೀರು, ಅನುಕೂಲವಿದ್ದಲ್ಲಿ ಮಜ್ಜಿಗೆ. ಕುಡಿದು ಬಾಯಿ ಒರೆಸಿಕೊಂಡು ಹೊರಡುತ್ತಿದ್ದೆವೇ ಹೊರತು ಅದನ್ನು ಇಟ್ಟವರು ಯಾರೆಂದು ಕೇಳಿದವರಲ್ಲ. ಆದರೆ ಒಂದು ದಿನ ಚಪ್ಪರ ಬರಿದಾಗಿ ಕಂಡರೆ, "ಯಾರಪ್ಪಾ ಇದನ್ನು ನಿಲ್ಲಿಸಿದವರು?" ಎಂದು ತಪ್ಪದೆ ಕೇಳುತ್ತಿದ್ದೆವು. ಇಟ್ಟಾಗ ಕೇಳದ ಹೆಸರನ್ನು ನಿಲ್ಲಿಸಿದಾಗ ಕೇಳುವ ಈ ನಮ್ಮ ಸ್ವಭಾವದ ಬಗ್ಗೆ ಈ ತಿಂಗಳು ಓದುಗ ಬಂಧುಗಳೊಡನೆ ನಾಲ್ಕು ಮಾತನಾಡಬೇಕೆನಿಸಿದೆ.

ಮುಂಬಯಿಯ ಕಾಲಾಘೋಡಾದ 'ರಿದಮ್ ಹೌಸ್' ನಮ್ಮಲ್ಲಿ ಅನೇಕರಿಗೆ ಪರಿಚಿತ. 1940ರ ದಶಕದಲ್ಲಿ ಆರಂಭವಾದ ಆ ಸಂಗೀತದ ಅಂಗಡಿ 2016ರಲ್ಲಿ ಮುಚ್ಚಿತು. ತಟ್ಟೆಗಳನ್ನು ಕೇಳಿ ನೋಡಲು ಅಲ್ಲಿ ಗೂಡಿನಂಥ ಪುಟ್ಟ ಕೋಣೆಗಳಿದ್ದವು. ಕೊಳ್ಳುವ ಶಕ್ತಿಯಿಲ್ಲದ ದಿನಗಳಲ್ಲಿ ಅಲ್ಲಿ ನಿಂತು ಕೇಳಿ, ಬರಿಗೈಯಲ್ಲಿ ಹೊರಬಂದವರು ನಾವು. ಬಾಗಿಲು ಮುಚ್ಚುತ್ತದೆಂಬ ಸುದ್ದಿ ಬಂದಾಗ ಎಲ್ಲರೂ "ಛೆ, ಹೀಗಾಗಬಾರದಿತ್ತು" ಎಂದೆವು. ಅಲ್ಲಿ ಕೊನೆಯ ಬಾರಿ ಕಾಸು ಕೊಟ್ಟು ಏನನ್ನಾದರೂ ಕೊಂಡದ್ದು ಯಾವಾಗ ಎಂದು ನಮ್ಮನ್ನು ನಾವೇ ಕೇಳಿಕೊಂಡಾಗ ಉತ್ತರ ಹೊಳೆಯಲಿಲ್ಲ. ಶಕ್ತಿ ಬಂದ ಮೇಲೆ ನಾವು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆವು.

ಅಂಗಡಿಯಾದರೋ ವ್ಯಾಪಾರ, ಲಾಭವಿಲ್ಲದಿದ್ದರೆ ಮುಚ್ಚಲೇಬೇಕು ಎನ್ನಬಹುದು. ಆದರೆ ಪ್ರೀತಿಯಿಂದಲೇ ನಡೆದ ಕೆಲಸವೊಂದು ನಿಂತಾಗ? ಇಂಗ್ಲೆಂಡಿನಲ್ಲಿ 1979ರಲ್ಲಿ 'ಸದರ್ನ್ ರ‍್ಯಾಗ್' ಎಂಬ ಸಣ್ಣ ಪತ್ರಿಕೆಯೊಂದು ಹುಟ್ಟಿತು. ಜಾನಪದ ಸಂಗೀತಕ್ಕೆ ಮೀಸಲಾದ ಪತ್ರಿಕೆ. ಸಂಪಾದಕರು ಇಯಾನ್ ಆಂಡರ್ಸನ್, ಸ್ವತಃ ಗಾಯಕರು. ಮುಂದೆ ಅದು 'ಫೋಕ್ ರೂಟ್ಸ್' ಆಗಿ, ಕಡೆಗೆ 'ಎಫ್‌ರೂಟ್ಸ್' ಎಂಬ ಹೆಸರು ತಳೆದು, ಆಫ್ರಿಕದ, ಏಷ್ಯದ ಹಾಡುಗಾರರನ್ನೂ ಇಂಗ್ಲೆಂಡಿನ ಓದುಗರಿಗೆ ಪರಿಚಯಿಸಿತು. ಅಂಗಡಿಯ ಯಾವ ಕಪಾಟಿನಲ್ಲಿ ಇಡಬೇಕೆಂದು ತಿಳಿಯದ ಇಂಥ ಸಂಗೀತಕ್ಕೆ ಒಂದು ಹೆಸರು ಬೇಕೆಂದು 1987ರಲ್ಲಿ ಸಣ್ಣ ಧ್ವನಿಮುದ್ರಣ ಸಂಸ್ಥೆಗಳವರು ಲಂಡನ್ನಿನ ಪಬ್ಬೊಂದರಲ್ಲಿ ಸೇರಿ 'ವರ್ಲ್ಡ್ ಮ್ಯೂಸಿಕ್' ಎಂದು ನಿರ್ಧರಿಸಿದಾಗ ಆಂಡರ್ಸನ್ನರೂ ಅಲ್ಲಿದ್ದರು. ದೊಡ್ಡ ಪ್ರಕಾಶನ ಸಂಸ್ಥೆಗಳ ಆಸರೆಯಿಲ್ಲದೆ ನಲವತ್ತು ವರ್ಷ ಒಬ್ಬರೇ ಸಂಪಾದಕರ ಕೈಯಲ್ಲಿ ನಡೆದ ಆ ಪತ್ರಿಕೆ 2019ರಲ್ಲಿ ನಿಂತಿತು.

ಇಲ್ಲಿ ಹುಟ್ಟುವ ಪ್ರಶ್ನೆ ಇದು: ಬಹುಕಾಲ ನಡೆಸಿಕೊಂಡು ಬಂದವನಿಗೆ ನಿಲ್ಲಿಸುವ ಹಕ್ಕು ಇದೆಯೇ?

ಇಲ್ಲ ಎನ್ನುವವರ ವಾದದಲ್ಲೂ ಸತ್ಯಾಂಶವಿದೆ. ಅರವಟ್ಟಿಗೆಯನ್ನು ನಂಬಿ ದಾರಿಹೋಕನು ಮನೆಯಿಂದ ನೀರು ತರುವುದನ್ನು ಬಿಟ್ಟಿರುತ್ತಾನೆ. ರೂಢಿ ಮಾಡಿಸಿದವನ ಮೇಲೆ ರೂಢಿಯಾದವನ ಋಣ ಸ್ವಲ್ಪವಾದರೂ ಉಂಟು. ಹೇಳದೆ ಕೇಳದೆ ನಡುದಾರಿಯಲ್ಲಿ ಕೈಬಿಡುವುದು ಸರಿಯಲ್ಲ. ವರ್ಷದ ಚಂದಾ ಪಡೆದವನು ಆ ವರ್ಷದ ಸಂಚಿಕೆಗಳನ್ನು ಕೊಡಲೇಬೇಕು, ಇಲ್ಲವೇ ಉಳಿದ ಹಣವನ್ನು ಮರಳಿಸಬೇಕು. ಇಷ್ಟು ಸರಿಯೇ.

ಆದರೆ ಇದಕ್ಕಿಂತ ಮುಂದೆ ಹೋಗಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಹತ್ತು ಸಲ ಕೊಟ್ಟ ದಾನ ಹನ್ನೊಂದನೆಯ ಸಲಕ್ಕೆ ಸಾಲವಾಗುವುದು ಯಾವ ನ್ಯಾಯ? ಹಾಗಾದರೆ ಒಮ್ಮೆಯೂ ಕೊಡದವನು ನಿಶ್ಚಿಂತ, ನಲವತ್ತು ವರ್ಷ ಕೊಟ್ಟವನೇ ಅಪರಾಧಿ ಎಂದಾಯಿತು. ಪತ್ರಿಕೆಗೆ ನಾವು ಕೊಡುವ ಬೆಲೆ ಕಾಗದಕ್ಕೆ, ಅಚ್ಚಿಗೆ, ಅಂಚೆಗೆ ಸಲ್ಲುತ್ತದೆ. ಅದರ ಹಿಂದೆ ಸಂದ ಸಂಜೆಗಳಿಗೆ, ಕಳೆದ ನಿದ್ದೆಗೆ ಯಾರೂ ಬೆಲೆ ಕಟ್ಟಿಲ್ಲ. ಕಟ್ಟದ ಬೆಲೆಯ ಮೇಲೆ ಹಕ್ಕು ಸಾಧಿಸುವುದು ಹೇಗೆ?

ಈ ಮಾತು ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಸಂಘದಲ್ಲಿ ಹಿರಿಯರೊಬ್ಬರು ಇಪ್ಪತ್ತಕ್ಕೂ ಹೆಚ್ಚು ವರ್ಷ ತಿಂಗಳಿಗೊಂದು ಭಾನುವಾರ 'ಕೇಳುವ ಕೂಟ' ನಡೆಸುತ್ತಿದ್ದರು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳು, ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ಟುಗಳು, ಎಲ್ಲವನ್ನೂ ಚೀಲದಲ್ಲಿ ಹೊತ್ತು ಲೋಕಲ್ಲಿನ ನೂಕುನುಗ್ಗಲಿನಲ್ಲಿ ಬರುತ್ತಿದ್ದರು. ಮೂರು ನಿಮಿಷದ ತಟ್ಟೆಗೆ ಹತ್ತು ನಿಮಿಷದ ವಿವರಣೆ. ಧಾರವಾಡ ಕಾಣದ ನಮ್ಮ ಮಕ್ಕಳಲ್ಲಿ ಒಂದಿಬ್ಬರಾದರೂ ಅಲ್ಲಿಯ ಗಾಯಕರ ದನಿ ಗುರುತಿಸುವಂತಾದದ್ದು ಆ ಭಾನುವಾರಗಳಿಂದ.

ಒಂದು ದಿನ ಅವರು ಕಾರ್ಯಕಾರಿ ಸಮಿತಿಗೆ ಬಂದು, "ಇನ್ನು ಸಾಕು, ಮುಂದಿನ ತಿಂಗಳಿಗೆ ಮುಗಿಸುತ್ತೇನೆ" ಎಂದರು. ನಾವು ಏನು ಹೇಳಿದೆವು ಗೊತ್ತೇ? "ರಾಯರೇ, ನಿಮ್ಮಂಥವರೇ ಹೀಗೆ ಕೈಬಿಟ್ಟರೆ ಸಂಘದ ಗತಿಯೇನು?" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ಭಾನುವಾರ ನಾಲ್ಕು ಜನ ಬಂದಿದ್ದರು. ಈ ಸಮಿತಿಯವರು ಅವರಲ್ಲಿ ಯಾರೂ ಇರಲಿಲ್ಲ" ಎಂದು ಹೇಳಿ ಎದ್ದು ಹೋದರು.

ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಅವರಿಗೆ ಹಣ ಬೇಕಿರಲಿಲ್ಲ. ಚೀಲದ ಇನ್ನೊಂದು ತುದಿ ಹಿಡಿಯುವವರು ಬೇಕಿತ್ತು. "ಹೋದ ಸಲದ ಜೋಗಿಯಾ ಇನ್ನೂ ಕಿವಿಯಲ್ಲಿದೆ" ಎಂದು ಹೇಳುವವರು ಬೇಕಿತ್ತು. ಇದ್ದಾಗ ಬಾರದೆ, ನಿಂತಾಗ ಕಣ್ಣೀರಿಡುವವರ ದುಃಖ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ದುಃಖಕ್ಕೆ ಇನ್ನೊಬ್ಬರನ್ನು ದೂರುವ ಅಧಿಕಾರವಿಲ್ಲ.

ಇನ್ನೊಂದು ಮಾತು. ನಿಂತದ್ದೆಲ್ಲ ಸೋತದ್ದು ಎಂಬ ಭಾವನೆಯೂ ನಮ್ಮಲ್ಲಿದೆ. ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' ನಿಂತು ದಶಕಗಳೇ ಕಳೆದವು. ಕನ್ನಡ ನವ್ಯದ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ಬಿಟ್ಟು ಬರೆಯಲಾರರು. ಕಚೇರಿಗೆ ಮಂಗಳವೂ ಬೇಕಲ್ಲವೇ? ದನಿ ಒಡೆದ ಮೇಲೂ ಹಾಡುತ್ತ ಕೂರುವುದಕ್ಕಿಂತ ಶ್ರುತಿ ಕೂಡಿರುವಾಗಲೇ ಮಂಗಳ ಹಾಡಿ ಏಳುವುದು ಕಲೆಗೆ ತೋರುವ ಮರ್ಯಾದೆ.

ಹಾಗೆಂದು ಎಲ್ಲವೂ ಮುಗಿಯಲೇಬೇಕೆಂದಿಲ್ಲ. 1983ರಲ್ಲಿ ಎನ್. ಪಟ್ಟಾಭಿರಾಮನ್ ಮದರಾಸಿನಲ್ಲಿ ಆರಂಭಿಸಿದ 'ಶ್ರುತಿ' ಸಂಗೀತ ಪತ್ರಿಕೆ, 2002ರಲ್ಲಿ ಅವರು ತೀರಿಕೊಂಡ ಮೇಲೂ ಬೇರೆ ಕೈಗಳಿಗೆ ದಾಟಿ ಮುಂದುವರಿಯಿತು. ಹೊರುವ ಹೆಗಲು ಸಿಕ್ಕರೆ ಪಲ್ಲಕ್ಕಿ ನಡೆಯುತ್ತದೆ. ಸಿಗದಿದ್ದರೆ ಅದನ್ನು ಮೆಲ್ಲನೆ ಇಳಿಸುವ ಸ್ವಾತಂತ್ರ್ಯ ಹೊತ್ತವನಿಗಿರಬೇಕು. ಇಳಿಸುವವನ ಕರ್ತವ್ಯ ಒಂದೇ: ಮುಂಚಿತವಾಗಿ ಹೇಳಿ, ಕೂಡಿಟ್ಟದ್ದರ ಕೀಲಿಕೈಯನ್ನು ಯಾರಾದರೊಬ್ಬರಿಗೆ ಒಪ್ಪಿಸಿ ಹೋಗುವುದು. ನಮ್ಮ ರಾಯರು ಒಂದು ತಿಂಗಳು ಮೊದಲೇ ಹೇಳಿದ್ದರು. ಕೀಲಿಕೈಯನ್ನು ಪಡೆಯಲು ಕೈಚಾಚಿದವರೇ ಇರಲಿಲ್ಲ.

ತಡವಾಗಿಯಾದರೂ ನಾವು ಮೂವರು ಅವರ ಮನೆಗೆ ಹೋದೆವು. ಕೂಟವನ್ನು ಮತ್ತೆ ಆರಂಭಿಸಿ ಎಂದು ಕೇಳಲಿಲ್ಲ. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆವು. ಇಷ್ಟು ವರ್ಷ ನಡೆಸಿದ್ದಕ್ಕೆ ಮೊದಲ ಬಾರಿ ವಂದನೆ ಹೇಳಿದೆವು. ಅವರಲ್ಲಿರುವ ತಟ್ಟೆ, ಕ್ಯಾಸೆಟ್ಟುಗಳ ಪಟ್ಟಿ ಮಾಡಿಕೊಡಲು ಅಪ್ಪಣೆ ಬೇಡಿದೆವು. ಅವರು ಒಳಗೆ ನೋಡಿ ಕಾಫಿಗೆ ಹೇಳಿದರು. ಕಪಾಟು ತೆರೆದು ಮೊದಲ ತಟ್ಟೆಯ ಧೂಳು ಒರೆಸಿ, "ಇದನ್ನು ಬರೆಯುವ ಮೊದಲು ಒಂದು ಸಲ ಕೇಳಿಬಿಡಿ" ಎಂದರು.

ಅಂದು ನಾವು ಬರೆದದ್ದು ಏಳೇ ತಟ್ಟೆಗಳ ಹೆಸರು. ಮುಂದಿನ ಭಾನುವಾರವೂ ಹೋಗಲಿದ್ದೇವೆ. ಬರುವವರಿದ್ದರೆ ಬನ್ನಿ, ಕಪಾಟಿನಲ್ಲಿ ಇನ್ನೂ ಬಹಳವಿದೆ.